ಡ್ರಾಯಿಂಗ್ ಮಾಸ್ತರರ ವೈನ್ ಮನೆ

ತಾಂಬಾದ ಸುಜಯೀಂದ್ರ ಮಾಸ್ತರರು ಉಳ್ಳಾಗಡ್ಡಿ ತಿನ್ನುವುದಿಲ್ಲ, ಹೊರಗಡೆ ಚಹಾ ಕುಡಿಯುವುದಿಲ್ಲ, ಏಕಾದಶಿಯ ದಿನ ಒಂದು ಗುಟುಕು ನೀರಿಗೂ ಎರಡು ಸಲ ಯೋಚಿಸುತ್ತಾರೆ. ಅಂಥವರು ಅರವತ್ತಮೂರನೆಯ ವಯಸ್ಸಿನಲ್ಲಿ ವೈನ್ ತಯಾರಿಸುವ ಕಟ್ಟಡದ ನಕ್ಷೆ ಬರೆಯಲು ಕೂತಾಗ ಊರಿಗೆ ಒಂದು ವಾರ ಬೇರೆ ಸುದ್ದಿ ಬೇಕಾಗಲಿಲ್ಲ.

"ರುಚಿ ನೋಡಲಾರದ ಅಡಿಗಿ ಹೆಂಗ ಮಾಡ್ತೀರಿ ಮಾಸ್ತರ್ರ?" ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕೇಳಿದರು.

"ನೈವೇದ್ಯದ ಅಡಿಗಿ ಯಾರರೆ ರುಚಿ ನೋಡಿ ಮಾಡ್ತಾರೇನು?" ಎಂದು ಹೇಳಿ ಮಾಸ್ತರರು ತಾಲೂಕಿನ ಊರು ಇಂಡಿಗೆ ಹೋಗುವ ಬಸ್ಸು ಹತ್ತಿದರು. ಅಲ್ಲಿ ದೊಡ್ಡ ಅಳತೆಯ ಡ್ರಾಯಿಂಗ್ ಶೀಟು ಸಿಗುವ ಒಂದೇ ಅಂಗಡಿ ಇತ್ತು.

ಮೂವತ್ತನಾಲ್ಕು ವರ್ಷ ಅವರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದರು. ನಮಗೆಲ್ಲ ಮಾವಿನಕಾಯಿ ಬರೆಯಲು ಬರುವುದು ಅವರಿಂದ. ಬೇರೇನೂ ಬರೆಯಲು ಬಾರದಿರುವುದೂ ಅವರಿಂದಲೇ, ಏಕೆಂದರೆ ಮಾವಿನಕಾಯಿ ಅವರ ಮನಸ್ಸಿಗೆ ಒಪ್ಪುವವರೆಗೆ ಮುಂದಿನ ಪುಟ ತಿರುಗಿಸುವ ಹಾಗಿರಲಿಲ್ಲ. ಪೆನ್ಸಿಲನ್ನು ಬ್ಲೇಡಿನಿಂದಲೇ ಕೆತ್ತಬೇಕು, ರಬ್ಬರು ಚೀಲದಲ್ಲೇ ಇರಬೇಕು. "ಗೆರಿ ಅಂದ್ರ ಮಾತು. ಕೊಟ್ಟ ಮ್ಯಾಲ ಹಿಂದಕ್ಕ ತಗೋಬಾರದು," ಎನ್ನುತ್ತಿದ್ದರು.

ಅವರ ದುಃಖ ಬೇರೆ. ಶಾಲೆಯ ಗ್ಯಾದರಿಂಗಿನ ಪರದೆಗಳು, ಗಣಪತಿಯ ಮಂಟಪಗಳು, ಆಗಸ್ಟ್ ಹದಿನೈದರ ರಂಗೋಲಿಯ ಭಾರತ, ಅವರ ಕೈ ಮಾಡಿದ್ದೆಲ್ಲ ಮರುದಿನವೇ ಬಿಚ್ಚಿಹೋಗುವಂಥದ್ದು. ನಿಲ್ಲುವಂಥದ್ದು ಒಂದೇ ಒಂದು ಆಗಿತ್ತು. ಊರ ಬಸ್ ತಂಗುದಾಣದ ನಕ್ಷೆ ಅವರದು. ಸೂರ್ಯ ಮುಳುಗುವುದು ಚೆನ್ನಾಗಿ ಕಾಣಲೆಂದು ಅದರ ಮುಖವನ್ನು ಹೊಲದ ಕಡೆಗೆ ತಿರುಗಿಸಿದ್ದರು. ಬಸ್ಸು ಬರುತ್ತಿದ್ದುದು ಬೆನ್ನ ಹಿಂದಿನಿಂದ. ಜನ ತಂಗುದಾಣದ ಹೊರಗೆ ಬಿಸಿಲಲ್ಲಿ ನಿಂತು ಕಾಯುತ್ತಿದ್ದರು, ಒಳಗೆ ಎಮ್ಮೆಗಳು ಸೂರ್ಯಾಸ್ತ ನೋಡುತ್ತಿದ್ದವು. ರಸ್ತೆ ಅಗಲವಾದಾಗ ಅದೂ ಹೋಯಿತು. ಅಂದಿನಿಂದ ಮಾಸ್ತರರಿಗೆ ಇದ್ದ ಆಸೆ ಇಷ್ಟೇ: ತಾವು ಬರೆದದ್ದು ಒಂದಾದರೂ ಗೋಡೆಯಾಗಿ, ತಾವು ಸತ್ತ ಮೇಲೂ ನಿಂತಿರಬೇಕು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆ ಆಸೆಗೆ ಬಾಗಿಲು ತೆರೆದವಳು ಅಣ್ಣನ ಮಗಳು ಸಂಪದಾ. ಅಣ್ಣ ಶ್ರೀನಿವಾಸರು ನಲವತ್ತು ವರ್ಷದಿಂದ ದ್ರಾಕ್ಷಿ ಬೆಳೆದು, ಹೊಲದ ಶೆಡ್ಡಿನಲ್ಲೇ ಒಣಗಿಸಿ ಮಾರುವವರು. ಬಳ್ಳಿಗಳೊಂದಿಗೆ ಮಾತಾಡಿದಷ್ಟು ಮನುಷ್ಯರೊಂದಿಗೆ ಮಾತಾಡಿದವರಲ್ಲ. ಸಂಪದಾ ಕೃಷಿ ಪದವಿ ಮುಗಿಸಿ, ನಾಸಿಕದಲ್ಲಿ ವೈನಿನ ಕೆಲಸ ಕಲಿತು ಬಂದು, ಮನೆತನದ್ದೇ ಒಂದು ಸಣ್ಣ ವೈನರಿ ಮಾಡುತ್ತೇನೆಂದಳು. ಶ್ರೀನಿವಾಸರು ಒಂದು ದಿನವಿಡೀ ಯೋಚಿಸಿ, "ಹೂಂ," ಎಂದರು. ಮನೆಯಲ್ಲಿ ಅದಕ್ಕಿಂತ ಉದ್ದದ ಒಪ್ಪಿಗೆ ಯಾರಿಗೂ ಸಿಕ್ಕಿದ್ದಿಲ್ಲ.

ಅಣ್ಣತಮ್ಮಂದಿರ ತಾಯಿ, ಎಂಬತ್ತನಾಲ್ಕರ ಇಂದೂಬಾಯಿ ಮಾತ್ರ ಆ ಪದಾರ್ಥದ ಹೆಸರನ್ನು ಬಾಯಲ್ಲಿ ತರಲಿಲ್ಲ. "ಆ ರಸ" ಎನ್ನುತ್ತಿದ್ದರು.

ಪುಣೆಯ ಒಂದು ಕಂಪನಿಯಿಂದ ನಕ್ಷೆ ತರಿಸಿದ್ದಾಯಿತು. ಮೊಬೈಲಿನಲ್ಲಿ ಅದು ಬಣ್ಣಬಣ್ಣವಾಗಿ ತಿರುಗುತ್ತಿತ್ತು. ಗಾಜಿನ ಗೋಡೆಗಳು, ಗೋಡೆಗೆ ಒರಗಿಸಿದ ಬಂಡಿಯ ಗಾಲಿಗಳು, ಸಿಮೆಂಟಿನ ಒಂದು ಎತ್ತು, ಅದರ ಪಕ್ಕ ಒಂದು ಕೊಡ, ಹಳೆಯ ವಾಡೆಯ ಬಾಗಿಲಿನಂಥ ಬಾಗಿಲು. ಇದು ನಿಮ್ಮ ಪರಂಪರೆಗೆ ಗೌರವ ಎಂದು ಕೆಳಗೆ ಬರೆದಿತ್ತು. ಇಂದೂಬಾಯಿ ಕನ್ನಡಕ ಏರಿಸಿ ನೋಡಿದರು.

"ಇಲ್ಲಿ ಒಳಕಲ್ಲು ಯಾಕ ಇಟ್ಟಾರ ಸಂಪದಾ?"

"ಅದು ಕೈ ತೊಳೆಯೋ ಬೇಸಿನ್ ಅಜ್ಜಿ."

"ಚಟ್ನಿ ರುಬ್ಬೋ ಒಳಕಲ್ಲಾಗ ಬಾಯಿ ಮುಕ್ಕಳಿಸ್ತಾರ? ಇದು ಗೌರವ ಏನs? ಎತ್ತು ಕೊಡಕ್ಕಿಂತ ಸಣ್ಣದದ. ಆ ರಸ ಕುಡಿದು ಬರದಾರೇನು ಇದನ್ನ?"

ಸಂಪದಾಳಿಗೂ ಎತ್ತು ಒಪ್ಪಿಗೆಯಾಗಿರಲಿಲ್ಲ. "ಹೊಸದs ಇರಬೇಕು. ಆದ್ರ ನಮ್ದು ಅಂತ ಅನಿಸಬೇಕು," ಎಂದು ಗೊಣಗಿದಳು.

ಮೂಲೆಯಲ್ಲಿ ಪೇಪರು ಓದುತ್ತಿದ್ದ ಮಾಸ್ತರರು ಪೇಪರನ್ನು ಇಳಿಸದೆಯೇ, "ನಾ ಬರೀತೀನಿ," ಎಂದರು.

ಮನೆಯಲ್ಲಿ ಎಲ್ಲರ ಕಣ್ಣ ಮುಂದೆ ಸೂರ್ಯಾಸ್ತ ನೋಡುವ ಎಮ್ಮೆಗಳು ಹಾದುಹೋದವು. ಆದರೆ ಸಂಪದಾ ಕಾಕಾನನ್ನು ಬಲ್ಲವಳು. "ಪುಣೆಯವರು ಮುಂದಿನ ತಿಂಗಳು ಹತ್ತನೇ ತಾರೀಖಿಗೆ ಬರ್ತಾರ ಕಾಕಾ. ಅಷ್ಟರೊಳಗ ತೋರಸ್ರಿ. ಒಪ್ಪಿಗ್ಯಾದ್ರ ನಿಮ್ದು, ಇಲ್ಲಂದ್ರ ಅವರ್ದು."

"ಎತ್ತು ತಗಸಿ," ಎಂದು ಇಂದೂಬಾಯಿ ಸೇರಿಸಿದರು.

ಮಾಸ್ತರರು ಸುಮ್ಮನೆ ಕೂಡಲಿಲ್ಲ. ವೈನ್ ಹೇಗಾಗುತ್ತದೆಂದು ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿದರು. ಮಡಿಗೆ ತೊಂದರೆಯಾಗದಿರಲೆಂದು ಊಟಕ್ಕೆ ಮೊದಲು ನೋಡುತ್ತಿರಲಿಲ್ಲ. ದ್ರಾಕ್ಷಿಯನ್ನು ಪಂಪಿನಿಂದ ದೂಡಿದರೆ ಬೀಜ ಒಡೆದು ರಸ ಕಹಿಯಾಗುತ್ತದೆ, ಮೇಲಿನಿಂದ ತಾನೇ ಇಳಿದರೆ ಒಳ್ಳೆಯದು ಎಂಬುದನ್ನು ತಿಳಿದುಕೊಂಡರು. ಅಲ್ಲಿಗೆ ಅವರಿಗೆ ಹೊಳೆಯಿತು: ಮೇಲಿನಿಂದ ಸುರಿಯುವುದು, ಕೆಳಗೆ ತಂಪಾಗಿ ಇರುವುದು. ಇದು ತಮ್ಮ ಹೊಲದ ಹಗೇವು ಅಲ್ಲವೆ?

ಹೊಲದ ಗರಸು ದಿಬ್ಬದ ಮೇಲೆ ಹಳೆಯ ಕಣವಿತ್ತು. ಅದರ ಬದಿಗೆ ನೆಲದೊಳಗೆ ಕೊಡದ ಆಕಾರದಲ್ಲಿ ತೋಡಿದ ಹಗೇವು. ಒಳಗೆಲ್ಲ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಬಳಿದರೆ ಎರಡು ವರ್ಷ ಕಾಳು ಕೆಡುತ್ತಿರಲಿಲ್ಲ. ಮಾಸ್ತರರಿಗೆ ಒಂಬತ್ತು ವರ್ಷವಾದಾಗ, ವಾಸ್ತು ಸರಿಯಿಲ್ಲವೆಂದು ಅಪ್ಪ ಅದರ ಬಾಯಿಗೆ ಚಪ್ಪಡಿ ಹಾಕಿಸಿ ಕಾಯಂ ಮುಚ್ಚಿಸಿದ್ದರು. ಅದಕ್ಕೂ ಮೊದಲಿನ ವರ್ಷಗಳ ನೆನಪು ಅವರಿಗೆ ಚೆನ್ನಾಗಿತ್ತು. ಕಲ್ಲು ಸರಿಸಿದ ದಿನ ಮನೆಯವರು ಹಗೇವಿನ ಬಾಯಿಗೆ ಕುಂಕುಮ ಹಚ್ಚುತ್ತಿದ್ದರು, ಹಗ್ಗ ಕಟ್ಟಿ ದೀಪ ಇಳಿಬಿಡುತ್ತಿದ್ದರು. ಅಂದು ಯಾರೂ ಒಳಗೆ ಇಳಿಯುವ ಹಾಗಿರಲಿಲ್ಲ. ಭೂತಾಯಿ ಎಚ್ಚರಾಗಲು ಒಂದು ದಿನ ಬೇಕು, ಶಾಸ್ತ್ರ ಎನ್ನುತ್ತಿದ್ದರು. ಮರುದಿನ ಹುಳಿಹುಳಿ ವಾಸನೆಯ ಜೋಳ ಮೇಲೆ ಬರುತ್ತಿತ್ತು.

ಇದಕ್ಕಿಂತ ದೊಡ್ಡ ಪರಂಪರೆ ಯಾವುದು? ಮಾಸ್ತರರು ಆ ಹಗೇವನ್ನೇ ಅಗಲಿಸಿ ಇಪ್ಪತ್ತೈದು ಅಡಿಯ ದುಂಡು ನೆಲಮನೆ ಬರೆದರು. ಗೋಡೆಗುಂಟ ಉಕ್ಕಿನ ಟಾಕಿಗಳು. ಮೇಲೆ ಹಗೇವಿನ ಬಾಯಿ, ಅದರಿಂದ ಇಳಿಯುವ ಒಂದೇ ಒಂದು ಬೆಳಕಿನ ಕಂಬ. ಗೋಡೆಯಲ್ಲಿ ಎಲ್ಲೂ ಕಿಟಕಿಯಿಲ್ಲ, ಬಾಗಿಲಿಲ್ಲ, ಗೆರೆ ಎಲ್ಲೂ ತುಂಡಾಗಿರಲಿಲ್ಲ. ಅಂಥ ವೃತ್ತವನ್ನು ಅವರು ಜೀವಮಾನದಲ್ಲಿ ಬರೆದಿರಲಿಲ್ಲ. ಪೂರ್ತಿಯಾಗುವವರೆಗೆ ಯಾರೂ ನೋಡಬಾರದೆಂದು ಶೀಟಿನ ಮೇಲೆ ಕೈಗೆ ಸಿಕ್ಕ ಬಟ್ಟೆಯೊಂದನ್ನು ಹೊದಿಸುತ್ತಿದ್ದರು.

"ನನ್ನ ಮಡಿ ಸೀರಿ ಎಲ್ಲದನೋ ಸುಜ್ಯಾ?" ಎಂದು ಒಂದು ಮುಂಜಾನೆ ಒಳಗಿನಿಂದ ಕೂಗು ಬಂತು. "ಆ ರಸದ ನಕ್ಷಿ ಮ್ಯಾಲ ಹೊಚ್ಚೀಯಾ? ಇನ್ನ ಅದನ್ನ ನೀನs ಉಟಗೊಂಡು ಪೂಜಾ ಮಾಡು!"

ಒಂಬತ್ತನೇ ತಾರೀಖು ಬಂತು. ಕೊನೆಯ ಗೆರೆಗಳಿಗೆ ಮಸಿ ತುಂಬಲು ಮಾಸ್ತರರಿಗೆ ಉದ್ದದ ಮೇಜು ಬೇಕಿತ್ತು. ಅಷ್ಟು ದೊಡ್ಡದು ಇದ್ದದ್ದು ಹೊಲದ ಶೆಡ್ಡಿನಲ್ಲಿ, ಒಣದ್ರಾಕ್ಷಿ ಆರಿಸುವ ಮೇಜು. ಸುಗ್ಗಿ ಮುಗಿದು ತಿಂಗಳುಗಳಾಗಿದ್ದವು, ಶೆಡ್ಡು ಖಾಲಿ. ಮರೆವ್ವ ಒಬ್ಬರೇ ಕೂತು ದ್ರಾಕ್ಷಿ ಹರಡುವ ಹರಿದ ಬಲೆಗಳನ್ನು ಹೊಲಿಯುತ್ತಿದ್ದರು. ಇಪ್ಪತ್ತೆಂಟು ವರ್ಷದಿಂದ ಆ ಶೆಡ್ಡು ಅವರ ಸುಪರ್ದಿಯಲ್ಲಿದೆ. ಯಾವ ಬಲೆಯ ದ್ರಾಕ್ಷಿ ಯಾವಾಗ ಒಣಗುತ್ತದೆಂದು ಶ್ರೀನಿವಾಸರೂ ಅವರನ್ನೇ ಕೇಳುತ್ತಾರೆ, ಕೈಸನ್ನೆಯಿಂದ.

ಮಾಸ್ತರರು ಶೀಟು ಹಾಸಿದರು. ಮರೆವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಬಂದು ನೋಡಿದರು.

"ಇದು ಬಾಂವಿ ಏನ್ರಿ ಮಾಸ್ತರ್ರ?"

"ಬಾವಿ ಅಲ್ಲ ಮರೆವ್ವ, ಹಗೇವು. ನಮ್ಮ ಕಣದ ಹಗೇವು. ಇದರಾಗ ದ್ರಾಕ್ಷಿ ರಸ ಹುಳಿ ಬರ್ತದ. ಬುಸುಬುಸು ಅಂತ ನೊರಿ ಏಳ್ತದ, ಎಂಟ್ಹತ್ತು ದಿನ."

"ಮಂದಿ ಎಲ್ಲಿ ನಿಂದರ್ತಾರ್ರಿ?"

"ಕೆಳಗ. ಬಾಯಿಂದ ಏಣಿ ಹಚ್ಚಿ ದಿನಾ ಎರಡು ಸಲ ಇಳಿದು ರಸ ತಿರುವಬೇಕು."

"ಮತ್ತ ಗಾಳಿ?"

"ಮ್ಯಾಲ ಬಾಯಿ ತೆರದs ಇರ್ತದಲ್ಲ. ಬರ್ತದ."

"ಬರೂದು ಖರೆ ಐತ್ರಿ. ಕೆಳಗ ಕುಂತದ್ದು ಹೋಗೂದು ಎಲ್ಲಿಂದ?"

ಮಾಸ್ತರರು ನಕ್ಕರು. "ಗಾಳಿಗೂ ದಾರಿ ಹೇಳಿ ಕಳಸಬೇಕೇನು ಮರೆವ್ವ?"

ಮರೆವ್ವ ನಗಲಿಲ್ಲ. "ಹಗೇವು ತೆಗದ ದಿನ ಯಾರೂ ಇಳೀತಿರಲಿಲ್ಲ. ನೀವು ನೋಡೀರಲ್ರಿ?"

"ನೋಡೀನಿ. ಅದು ಶಾಸ್ತ್ರ."

"ದೀಪಾ ಯಾಕ ಇಳಿಬಿಡ್ತಿದ್ರು?"

"ಪೂಜಾಕ್ಕ."

"ಪೂಜಾ ನಿಮಗ್ರಿ ಮಾಸ್ತರ್ರ. ದೀಪಾ ನಮಗ." ಮರೆವ್ವ ಬೆರಳಿನಿಂದ ಆ ಬೆಳಕಿನ ಕಂಬವನ್ನು ಮೇಲಿನಿಂದ ಕೆಳಗೆ ಸವರಿದರು. "ಅದು ಕೆಳಗ ಹೋಗಿ ಆರಿತಂದ್ರ ಒಳಗ ಕೆಟ್ಟ ಗಾಳಿ ಐತಿ ಅಂತ ತಿಳೀತಿತ್ತು. ಆ ಗಾಳಿ ಭಾರ. ಮ್ಯಾಲ ಏಳೂದಿಲ್ಲ, ನೀರಿನಂಗ ತಳದಾಗ ಕುಂದರ್ತೈತಿ. ಕೌದಿ ಬೀಸಿ ಬೀಸಿ, ಒಂದಿನಾ ಬಿಟ್ಟು, ಮತ್ತ ದೀಪಾ ಬಿಟ್ಟು ನೋಡಿ ಇಳೀತಿದ್ರು ನಮ್ಮವ್ರು. ಕಾಳು ಹುಳಿ ಬಂದ್ರ ಆ ಗಾಳಿ ಇನ್ನಾ ಜಾಸ್ತಿ. ನೀವು ಟಾಕಿ ತುಂಬ ಹುಳೀನs ಇಡ್ತೀನಿ ಅಂತೀರಿ."

ಮಾಸ್ತರರು ಮಸಿಯ ಪೆನ್ನಿಗೆ ಮುಚ್ಚಳ ಹಾಕಿದರು. ಹಗೇವು ತೆಗೆಯುವಾಗ ಮನೆಯ ಮಕ್ಕಳನ್ನು ಹತ್ತು ಮಾರು ದೂರ ನಿಲ್ಲಿಸುತ್ತಿದ್ದರು. ದೊಡ್ಡವರೂ ಬಾಯಿಯವರೆಗೆ ಬಂದು ಕುಂಕುಮ ಹಚ್ಚಿ ಹೋಗುತ್ತಿದ್ದರು. ಒಳಗೆ ಇಳಿದವರು ಯಾವಾಗಲೂ ಬೇರೆ ಓಣಿಯವರು. ಮನೆತನ ನೂರು ವರ್ಷ ಅದರ ಜೋಳ ಉಂಡಿತ್ತು, ಅದರ ತಳ ಹೇಗಿರುತ್ತದೆಂದು ಒಬ್ಬರೂ ಕಂಡಿರಲಿಲ್ಲ.

"ಒಂದ್ ವರ್ಸ ಜ್ವಾಳ ತುಂಬಾಕ ಲಾರಿ ಬಂದು ನಿಂತಿತ್ತಂತ್ರಿ," ಎಂದರು ಮರೆವ್ವ, ಬಲೆಯ ಕಡೆಗೆ ತಿರುಗಿ. "ಒಂದಿನಾ ಯಾರು ಕಾಯ್ತಾರ, ಇಳೀರಿ ಅಂದ್ರಂತ. ನಮ್ಮ ದೊಡ್ಡಪ್ಪ ಭೀಮಶ್ಯಾ ಇಳದ. ಮ್ಯಾಲ ಬರಲಿಲ್ಲ. ನಾ ಆಗ ಸಣ್ಣಾಕಿ. ನಮ್ಮವ್ವ ಹೇಳ್ತಿದ್ಳು."

"ಯಾರ ಹಗೇವು?"

ಮರೆವ್ವ ಮತ್ತೆ ಮೇಜಿನತ್ತ ತಿರುಗಿ ವೃತ್ತದ ಮೇಲೆ ಬೆರಳಿಟ್ಟರು.

ಮಾಸ್ತರರು ಶೀಟು ಸುತ್ತಿಕೊಂಡು ನಡೆದೇ ಮನೆಗೆ ಬಂದರು. ಇಂದೂಬಾಯಿ ತುಳಸಿಕಟ್ಟೆಯ ಬಳಿ ಹೂಬತ್ತಿ ಹೊಸೆಯುತ್ತಿದ್ದರು.

"ಆಯಿ, ನಮ್ಮ ಹಗೇವು ಯಾಕ ಮುಚ್ಚಿದ್ರು?"

"ವಾಸ್ತು..." ಎಂದು ಶುರು ಮಾಡಿದ ಇಂದೂಬಾಯಿ ಮಗನ ಮುಖ ನೋಡಿ ನಿಲ್ಲಿಸಿದರು. ಹೊಸೆದ ಬತ್ತಿಯನ್ನು ಬಿಚ್ಚಿ ಮತ್ತೆ ಹೊಸೆದರು. "ನಿಮ್ಮಪ್ಪ ಮೂರು ದಿನ ಉಣಲಿಲ್ಲ. ಹುಡುಗರಿಗೆ ಏನು ಹೇಳೋದು? ವಾಸ್ತು ಅಂದ್ವಿ. ಆಮ್ಯಾಲ ಅನಕೋತ ಅನಕೋತ ನಮಗೂ ಅದs ಖರೆ ಅನಿಸ್ತು."

"ಭೀಮಶ್ಯಾ ಅಂತ ಹೆಸರು."

"ಗೊತ್ತದಪ್ಪಾ," ಎಂದರು ಇಂದೂಬಾಯಿ, ಬಹಳ ಸಣ್ಣ ದನಿಯಲ್ಲಿ.

ಮರುದಿನ ಪುಣೆಯವರು ಬರುವ ಮೊದಲೇ ಮಾಸ್ತರರು ಸಂಪದಾಳ ಮುಂದೆ ಶೀಟು ಬಿಡಿಸಿದರು. ಅವಳು ಎರಡೂ ಕೈಯಿಂದ ಶೀಟಿನ ಅಂಚು ಹಿಡಿದು ಬಗ್ಗಿದಳು. ವೃತ್ತ ಅಷ್ಟು ಚಂದವಿತ್ತು.

"ಕಾಕಾ, ಇದು..."

"ಕಟ್ಟಲಿಕ್ಕೆ ಬರೂದಿಲ್ಲ. ಗೊತ್ತದ. ಒಳಗ ಹೋದ ಮನಷ್ಯಾ ಸಾಯ್ತಾನ."

"ಹುಳಿ ಬರುವಾಗ ಏಳೋ ಗಾಳಿ ಭಾರ ಇರ್ತದ ಕಾಕಾ. ನಾಸಿಕದಾಗ ನಮಗ ಮೊದಲನೇ ದಿನನs ಅದನ್ನ ಕಲಿಸಿದ್ರು. ನಿಮಗ ಯಾರು ಹೇಳಿದ್ರು?"

"ಮರೆವ್ವ. ಆಕೀಗೆ ಕಲಿಸಿದವರು ಬ್ಯಾರೆ." ಅವರು ನಡೆದದ್ದನ್ನೆಲ್ಲ ಹೇಳಿದರು. ಕೊನೆಗೆ, "ನನಗ ಎಂಟು ದಿನ ಕೊಡು. ಕೊಡಲಿಲ್ಲಂದ್ರೂ ತಪ್ಪಿಲ್ಲ, ಪುಣೆಯವರ ಗಾಜಿನ ಗ್ವಾಡಿಗಾದ್ರೂ ಕಿಟಕಿ ಅದಾವ," ಎಂದರು.

ಸಂಪದಾ ಕಾಕಾನನ್ನೂ ಆ ವೃತ್ತವನ್ನೂ ನೋಡಿದಳು. ಪುಣೆಗೆ ಫೋನು ಮಾಡಿ, ಅಜ್ಜಿಗೆ ಮೈಯಲ್ಲಿ ಹುಷಾರಿಲ್ಲ, ಮುಂದಿನ ವಾರ ಬನ್ನಿ ಎಂದಳು. ಒಳಗಿನಿಂದ ಇಂದೂಬಾಯಿ, "ನನಗೇನಾಗ್ಯದs? ಗಟ್ಟಿಮುಟ್ಟಾಗೀನಿ!" ಎಂದದ್ದು ಪುಣೆಯವರಿಗೂ ಕೇಳಿಸಿರಬೇಕು.

ಆ ಎಂಟು ದಿನ ಮಾಸ್ತರರು ಮೇಜಿಗೆ ಕೂಡಲೇ ಇಲ್ಲ. ಮರೆವ್ವನ ಹಿಂದೆ ಹೊಲ ತಿರುಗಿದರು. ಮೂವತ್ತನಾಲ್ಕು ವರ್ಷ ಕಲಿಸಿದವರಿಗೆ ಕಲಿಯುವುದು ಸುಲಭವಲ್ಲ. ಮರೆವ್ವ ಮಾತು ಮುಗಿಸುವ ಮೊದಲೇ, "ತಿಳೀತು, ತಿಳೀತು," ಎನ್ನುತ್ತಿದ್ದರು.

"ಏನ್ ತಿಳೀತು ಹೇಳ್ರಿ?" ಎಂದು ಮರೆವ್ವ ನಿಂತು ಕೇಳುತ್ತಿದ್ದರು. ಮಾಸ್ತರರು ತಡವರಿಸುತ್ತಿದ್ದರು. ಮಾವಿನಕಾಯಿ ಬರೆಯಲಾಗದೆ ಅವರ ಎದುರು ನಿಂತಿದ್ದ ನಮ್ಮಲ್ಲಿ ಯಾರಾದರೂ ಆಗ ಅಲ್ಲಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ದ್ರಾಕ್ಷಿ ಒಣಗಿಸುವ ಶೆಡ್ಡು ಏಕೆ ಉದ್ದವಾಗಿ, ತೆಂಕಬಡಗವಾಗಿ ಇದೆ? ಮಾಘದಲ್ಲಿ ಗಾಳಿ ಮೂಡಲಿಂದ ಬರುತ್ತದೆ, ಯುಗಾದಿ ಹತ್ತಿರವಾದಂತೆ ಪಡುವಲಿಗೆ ತಿರುಗುತ್ತದೆ. ಶೆಡ್ಡಿನ ಎರಡೂ ಉದ್ದದ ಮಗ್ಗುಲು ಅದಕ್ಕೆ ಎದುರಾಗಿರಬೇಕು. ಕೆಳಗಿನ ಬಲೆ ನೆಲದಿಂದ ಮೊಣಕಾಲೆತ್ತರ ಏಕೆ? ತಳದ ಗಾಳಿ ನಿಲ್ಲಬಾರದು, ನಿಂತರೆ ಕೆಳಗಿನ ದ್ರಾಕ್ಷಿ ಕಪ್ಪಾಗುತ್ತದೆ. ಮಾಸ್ತರರು ದಿನವೂ ಕಂಡ ಶೆಡ್ಡು ಅದು. ತಗಡು, ಕಬ್ಬಿಣ, ಬಲೆ. ಅದನ್ನು ಯಾರಾದರೂ ಯೋಚಿಸಿ ಕಟ್ಟಿದ್ದಾರೆಂದು ಅವರಿಗೆ ಒಮ್ಮೆಯೂ ಅನಿಸಿರಲಿಲ್ಲ.

ಎರಡನೆಯ ನಕ್ಷೆ ದಿಬ್ಬದ ಇಳಿಜಾರಿನಲ್ಲಿ ಬಂತು. ಟ್ರ್ಯಾಕ್ಟರು ದಿಬ್ಬದ ನೆತ್ತಿಗೆ ಬರುತ್ತದೆ, ದ್ರಾಕ್ಷಿ ತಾನೇ ಕೆಳಗಿನ ಮೆಟ್ಟಿಲಿನ ಟಾಕಿಗಳಿಗೆ ಇಳಿಯುತ್ತದೆ. ಟಾಕಿಗಳ ಮನೆ ಶೆಡ್ಡಿನಂತೆ ಉದ್ದ, ದಪ್ಪ ಕಲ್ಲಿನ ಗೋಡೆ, ನೆಲಕ್ಕೆ ಹತ್ತಿದಂತೆ ಪ್ರತಿ ಮಗ್ಗುಲಿಗೆ ಆರು ಗವಾಕ್ಷಿ. ಭಾರದ ಗಾಳಿ ನೀರಿನಂತೆ ಇಳಿದು ಇಳಿಜಾರಿನಲ್ಲಿ ಹರಿದುಹೋಗಲಿ ಎಂದು. ಹಗೇವು ಇದ್ದಲ್ಲೇ, ಹೊರಗೆ, ಬಾಯಿಗೆ ಕಬ್ಬಿಣದ ಜಾಳಿಗೆ. ಅದರೊಳಗೆ ಯಾರೂ ಇಳಿಯಬೇಕಿಲ್ಲ. ಈ ಸಲ ಶೀಟಿನ ತುಂಬ ಅಳಿಸಿದ ಗುರುತುಗಳಿದ್ದವು.

ಸಂಪದಾ ಒಂದೊಂದೇ ಗವಾಕ್ಷಿಯ ಮೇಲೆ ಬೆರಳಾಡಿಸಿದಳು. "ಶೆಡ್ ಇದ್ದಂಗ ಅದ," ಎಂದಳು.

"ಹೌದು," ಎಂದರು ಮಾಸ್ತರರು. ಬೈಗುಳಕ್ಕೆ ಸಿದ್ಧರಾಗಿ ನಿಂತಿದ್ದರು.

"ಕಾಕಾ, ನಮ್ಮ ಮನೀದು ಅಂತ ಅನಸ್ತದ."

ಶ್ರೀನಿವಾಸರು ಬಗ್ಗಿ ನೋಡಿ, "ಹೂಂ," ಎಂದರು. ಪುಣೆಯವರ ಎತ್ತು ಪುಣೆಯಲ್ಲೇ ಉಳಿಯಿತು.

ಶ್ರಾವಣದ ಮಳೆ ಮುಗಿದ ಮೇಲೆ ಕಲ್ಲಿನ ಕೆಲಸ ಶುರುವಾಯಿತು. ಲೈಸೆನ್ಸು ಇರುವ ಎಂಜಿನಿಯರರೊಬ್ಬರು ನಕ್ಷೆಯನ್ನು ನೋಡಿ, ಕಬ್ಬಿಣದ ಲೆಕ್ಕ ಹಾಕಿ ಸಹಿ ಮಾಡಿದರು. ಮಾಸ್ತರರು ಮಾತ್ರ ಹೊತ್ತು ಮೂಡುವುದರೊಳಗೆ ದಿಬ್ಬದ ಮೇಲಿರುತ್ತಿದ್ದರು. ಗೋಡೆಯ ನೇರ ನೋಡಲು ಗೌಂಡಿ ಅಯೂಬ ಇಳಿಬಿಡುವ ಗುಂಡಿನ ದಾರಕ್ಕೂ ತಮ್ಮ ಕಣ್ಣಿಗೂ ಪಂಥ ಕಟ್ಟುತ್ತಿದ್ದರು.

"ಮಾಸ್ತರ, ನನ್ನ ಓಳಂಬದ ಗುಂಡು ತಪ್ಪು ಹೇಳ್ತೈತೇನ್ರಿ?" ಎಂದು ಅಯೂಬ ರೇಗಿದರೆ, "ಗುಂಡು ಸರಿ ಅದ, ನೀ ವಾರೆ ನಿಂತೀ," ಎನ್ನುತ್ತಿದ್ದರು.

ಗೋಡೆ ಮೊಣಕಾಲಿನಷ್ಟು ಎದ್ದ ದಿನ ಇಂದೂಬಾಯಿಯೂ ಬಂದರು. ಕುರ್ಚಿ, ಛತ್ರಿ, ತಮ್ಮದೇ ತಂಬಿಗೆಯ ನೀರು. ಆ ರಸದ ಕಟ್ಟಡವಾದ್ದರಿಂದ ಹೊಸಿಲು ದಾಟುವುದಿಲ್ಲ ಎಂದರು. ಹೊಸಿಲು ಇನ್ನೂ ಇಟ್ಟಿರಲಿಲ್ಲ. ಮರೆವ್ವ ಶೆಡ್ಡಿನ ಕಡೆಯಿಂದ ಬಂದು ಕಲ್ಲಿನ ರಾಶಿಯ ಮೇಲೆ ಕೂತಿದ್ದರು.

ಅಯೂಬ ಪಡುವಲ ಮಗ್ಗುಲಿನ ಗವಾಕ್ಷಿಗೆ ಇಟ್ಟಂಗಿ ಜೋಡಿಸಿ ಕಿರಿದು ಮಾಡಲು ಹೊರಟಿದ್ದ.

"ಏನ್ ಮಾಡ್ಲಿಕತ್ತೀ ಅಯೂಬ?"

"ಇಷ್ಟ ತಳಕ್ಕ, ಇಷ್ಟ ದೊಡ್ಡದು ಯಾಕ್ರಿ ಮಾಸ್ತರ? ಇಲಿ ಬರ್ತಾವು, ಹಾವು ಬರ್ತಾವು. ಏನರೆ ಶಾಸ್ತ್ರ ಐತೇನ್ರಿ ನಿಮ್ದು?"

ಇಂದೂಬಾಯಿ ತಂಬಿಗೆಯ ಮೇಲಿನ ಕೈ ತೆಗೆಯಲಿಲ್ಲ. ಮಾಸ್ತರರು ಒಮ್ಮೆ ತಾಯಿಯ ಕಡೆ ನೋಡಿದರು.

"ಶಾಸ್ತ್ರ ಅಲ್ಲ. ಜಾಳಿಗಿ ಹಚ್ಚು, ಕಿರಿದು ಮಾಡಬ್ಯಾಡ. ಅಲ್ಲಿ ಆ ಹಗೇವು ಅದಲ್ಲ, ಅದರಾಗ ಭೀಮಶ್ಯಾ ಅನ್ನೋ ಮನಷ್ಯಾ ಉಸರು ಕಟ್ಟಿ ಸತ್ತ. ನಮ್ಮ ಜ್ವಾಳಕ್ಕ ಇಳದಿದ್ದ. ಒಂದಿನಾ ಕಾಯಬೇಕಾಗಿತ್ತು, ನಮ್ಮಪ್ಪ ಕಾಯಲಿಲ್ಲ. ಈ ಕಟ್ಟಡದಾಗ ಹಂಗ ಆಗಬಾರದು."

ಗಾರೆ ಕಲಸುತ್ತಿದ್ದವರ ಸಲಿಕೆಗಳು ನಿಂತವು. ಅಯೂಬ ಜೋಡಿಸಿದ್ದ ಇಟ್ಟಂಗಿಗಳನ್ನು ಒಂದೊಂದಾಗಿ ತೆಗೆದಿಟ್ಟ. ಆಮೇಲೆ ಕೇಳಿದ: "ಹಂಗಾದ್ರ ಈ ಮಗ್ಗಲ ಇನ್ನೊಂದು ಬಿಡೂಣೇನ್ರಿ ಮಾಸ್ತರ?"

ಮಾಸ್ತರರ ಮುಖ ನೋಡುವಂತಿತ್ತು. ಆ ಕಡೆ ಆರು, ಈ ಕಡೆ ಆರು, ಎಲ್ಲ ಒಂದರ ಎದುರಿಗೆ ಒಂದು. ಏಳನೆಯದು ಬಂದರೆ ಗೋಡೆ ಕಣ್ಣು ಮಿಟುಕಿಸಿದಂತೆ ಕಾಣುತ್ತದೆ. ಹೊರಗಿನಿಂದ ಬಂದವರು ಇದನ್ನು ಬರೆದವ ಯಾರು ಎಂದು ನಗುತ್ತಾರೆ, ಅದೂ ನೂರು ವರ್ಷ.

"ಯಾಕೋ ಸುಜ್ಯಾ, ಗೆರಿ ಹೊಂದಲಿಲ್ಲೇನು?" ಎಂದರು ಇಂದೂಬಾಯಿ. ಆಮೇಲೆ ಛತ್ರಿಯ ಕೆಳಗಿನಿಂದಲೇ, "ಎಲ್ಲಿ ಬಿಡಬೇಕಂತ ನೀ ಹೇಳವಾ ಮರೆವ್ವ," ಎಂದರು.

ಮರೆವ್ವ ಎದ್ದರು. ಪಡುವಲ ಗೋಡೆಗುಂಟ ನಿಧಾನವಾಗಿ ನಡೆದರು. ನಡುನಡುವೆ ನಿಂತು ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೆಲದ ಹತ್ತಿರ ಬಿಡುತ್ತಿದ್ದರು. ಮೂಲೆಗೆ ಇನ್ನು ನಾಲ್ಕು ಹೆಜ್ಜೆ ಇರುವಾಗ ಸೆರಗು ಸುಮ್ಮನೆ ಜೋತುಬಿತ್ತು, ಅಲುಗಲಿಲ್ಲ.

"ಇಲ್ಲಿ ನಿಂದರ್ತೈತಿ ನೋಡ್ರಿ ಗಾಳಿ," ಎಂದರು.

ಮಾಸ್ತರರು ಜೇಬಿನಿಂದ ಸುಣ್ಣದ ಕಡ್ಡಿ ತೆಗೆದು, ಮೊಣಕಾಲೂರಿ, ಆರನೆಯದಕ್ಕೂ ಮೂಲೆಗೂ ನಡುವೆ, ಯಾವ ಅಳತೆಗೂ ಹೊಂದದ ಆ ಜಾಗದಲ್ಲಿ ಒಂದು ಚೌಕ ಬರೆದರು. ಗೆರೆ ಸ್ವಲ್ಪ ಸೊಟ್ಟ ಬಂತು. ಅವರು ಅದನ್ನು ನೋಡಿದರು, ಬಿಟ್ಟರು.